ಡಯಲ್ ಹೊಸದು, ಕಥೆ ಹಳೆಯದು

‘ನಿಜಾಮರ ಕಾಲದ್ದು ಅದಾರಿ, ಎಚ್‌ಎಂಟಿ, ಒಂದು ಸ್ಕ್ರೂನೂ ಬದಲಾಗಿಲ್ಲ’ ಎಂದು ಹಳೆ ವಾಚಿನ ವ್ಯಾಪಾರಿ ಶುರು ಮಾಡಿದರೆ, ವಾಚು ಕೈಗೆ ತೆಗೆದುಕೊಳ್ಳುವ ಮುಂಚೆಯೇ ಲೆಕ್ಕ ಮುಗಿದುಹೋಗುತ್ತದೆ. ಬೀದರ್ ನಿಜಾಮರ ಆಳ್ವಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದದ್ದು 1961ರಲ್ಲಿ. ಆದರೂ ಇಂಥ ಮಾತಿಗೆ ತಲೆದೂಗುವವರು ಇದ್ದಾರೆ. ಹಳೆ ವಾಚು ಕೊಳ್ಳಲು ಬಂದವರು ಬಹುಪಾಲು ದುಡ್ಡು ಕೊಡುವುದು ಕಥೆಗೆ.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟ ಮೇಲೆ ಈ ಕಥೆಗಳಿಗೆ ಬೆಲೆ ಏರಿತು. ಅಲ್ಲಿಯವರೆಗೆ ಟ್ರಂಕಿನಲ್ಲಿ ಬಿದ್ದಿದ್ದ ಜನತಾ, ಸೋನಾ, ಕೋಹಿನೂರ್, ಪೈಲಟ್‌ಗಳು ‘ವಿಂಟೇಜ್’ ಆದವು. ಮೊಬೈಲಿನಲ್ಲಿ ಫೋಟೊ, ಕೊರಿಯರ್‌ನಲ್ಲಿ ವಾಚು. ಬೀದರ್, ಭಾಲ್ಕಿ, ಔರಾದ್ ಕಡೆಯವರಿಗೆ ಇದರ ಜೊತೆ ಇನ್ನೊಂದು ದಾರಿಯೂ ಇದೆ: ಹೈದರಾಬಾದಿನ ಜುಮ್ಮೇರಾತ್ ಬಜಾರ್. ಗುರುವಾರದ ಆ ಹಳೆ ಸಾಮಾನಿನ ಸಂತೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳುವುದು ಕಷ್ಟ.

1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ ಇದು. ಎಚ್‌ಎಂಟಿಗೆ ಮೊದಲು ಇಲ್ಲಿಗೆ ವಾಚು ಬಂದಿದ್ದರೆ ಅದು ಸ್ವಿಸ್ ವಾಚು: ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ, ರೋಮರ್. 1980ರ ದಶಕದಲ್ಲಿ ಸೀಕೋ ತಂತ್ರಜ್ಞಾನದ ಹೈದರಾಬಾದ್ ಆಲ್ವಿನ್ ಬಂತು. ಆಲ್ವಿನ್ ಹಿಂದೆ ಬೀಳುವವರು ಕಡಿಮೆ, ಆದ್ದರಿಂದ ಅದಕ್ಕೆ ಬಣ್ಣ ಬಳಿಯುವವರೂ ಕಡಿಮೆ. ಮೊದಲ ಸಲ ಹಳೆ ವಾಚು ಕೊಳ್ಳುವ ಬೀದರಿನವರಿಗೆ ನಾನು ಹೇಳುವ ಹೆಸರು ಅದೇ.

ಮೋಸ ಹೆಚ್ಚಾಗಿ ಕೂತಿರುವುದು ಡಯಲ್‌ನಲ್ಲಿ. ಒಳಗಿನ ಮಷೀನು ಅಸಲಿ ಎಚ್‌ಎಂಟಿಯೇ ಆಗಿರುತ್ತದೆ, ಜನತಾದ 17 ಜ್ಯುವೆಲ್‌ನ ಚಾಬಿ ಮಷೀನಿನಂಥದ್ದು. ಕೆಟ್ಟುಹೋದ ಡಯಲ್ಲನ್ನು ಉಜ್ಜಿ, ಆ ಮಾದರಿಗೆ ಕಾರ್ಖಾನೆ ಹಾಕದ ಕೆಂಪು, ಕಿತ್ತಳೆ, ಗಿಳಿಹಸಿರು ಬಣ್ಣ ಹೊಡೆದು, ಮೇಲೆ ಹೊಸದಾಗಿ ಹೆಸರು ಅಚ್ಚು ಹಾಕುತ್ತಾರೆ. ಭೂತಗನ್ನಡಿ ಹಿಡಿದರೆ ಗುಟ್ಟು ಬಿಟ್ಟುಕೊಡುವುದು ಅಕ್ಷರಗಳೇ. ‘ಪ್ಯಾರಾಶಾಕ್’ ಎಂಬ ಪದದ ಅಂಚು ಇಂಕು ಹೀರಿದ ಕಾಗದದ ಹಾಗೆ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳ ನೇರಕ್ಕೆ ಬರುವುದಿಲ್ಲ, ತಾರೀಖಿನ ಕಿಟಕಿಯ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ. ಬಿಚ್ಚಿ ನೋಡಲು ಬಿಟ್ಟರೆ ಡಯಲ್‌ನ ಬೆನ್ನು ನೋಡಬೇಕು. ಮಷೀನಿನ ತೂತಿಗೆ ಕೂರಲೆಂದು ಅಲ್ಲಿ ಎರಡು ಸಣ್ಣ ಕಾಲುಗಳಿರುತ್ತವೆ. ಕಾಲು ಕತ್ತರಿಸಿ ಅಂಟಿನಿಂದ ಕೂರಿಸಿದ್ದರೆ ಆ ಮುಖ ಬೇರೆ ಯಾವುದೋ ದೇಹದ್ದು.

ಪೈಲಟ್ ಮಾದರಿಯ ಬಗ್ಗೆ ಬೀದರಿನಲ್ಲಿ ಬೇರೆಯದೇ ಎಚ್ಚರಿಕೆ ಬೇಕು. ಊರಲ್ಲಿ ವಾಯುನೆಲೆ ಇದೆ, ವಾಯುಪಡೆಯ ವೈಮಾನಿಕ ಪ್ರದರ್ಶನದ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಹಾಗಾಗಿ ‘ಏರ್‌ಫೋರ್ಸ್ ಆಫೀಸರ್ ಕಟ್ಟಿದ್ದು’ ಎಂಬ ಮಾತು ಸಲೀಸಾಗಿ ಅಂಟಿಕೊಳ್ಳುತ್ತದೆ. ಆದರೆ ಪೈಲಟ್ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ವಾಚು. ಸೇನೆಯದ್ದು ಎಂದು ಮಾರುವ ವಾಚಿನ ಹಿಂಬದಿಯಲ್ಲಿ ಬಾಣದ ಗುರುತು, ಸಂಖ್ಯೆ ಕಂಡರೆ ಆ ಕೊರೆತವನ್ನೇ ನೋಡಿ. ನಲವತ್ತು ವರ್ಷ ಮೈಗೆ ಉಜ್ಜಿದ ಕೊರೆತದ ಅಂಚು ಸುತ್ತಲಿನ ಲೋಹದಷ್ಟೇ ಸವೆದಿರುತ್ತದೆ. ಸವೆದ ಬೆನ್ನಿನ ಮೇಲೆ ಉಗುರಿಗೆ ತಾಗುವಷ್ಟು ಚೂಪಾದ ಅಂಕಿ ಇದ್ದರೆ ಅದು ಹೊಸ ಕೆಲಸ.

ಕೊರೆತದ ವಿಷಯ ಬಂತು, ಹಾಗಾಗಿ ರೈಲ್ವೆ ವಾಚಿನ ಮಾತನ್ನೂ ಹೇಳಬೇಕು. ‘ಎನ್‌ಜಿಎಸ್‌ಆರ್’ ಎಂದು ಬೆನ್ನಿಗೆ ಕೊರೆದ ಸ್ವಿಸ್ ವಾಚನ್ನು ಯಾರಾದರೂ ತೋರಿಸಿದರೆ, ‘ಜಿ’ ಅಕ್ಷರದ ಮೇಲೆ ಕಣ್ಣಿಡಿ. ಅದು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಯ ‘ಗ್ಯಾರಂಟೀಡ್’. 1930ರಲ್ಲಿ ನಿಜಾಮ್ ಸರ್ಕಾರ ಆ ಕಂಪನಿಯನ್ನು ಕೊಂಡುಕೊಂಡಾಗ ಗ್ಯಾರಂಟಿ ಹೋಗಿ ಬರೀ ನಿಜಾಮ್ಸ್ ಸ್ಟೇಟ್ ರೈಲ್ವೆ ಉಳಿಯಿತು. ಅಂದರೆ ಆ ‘ಜಿ’ ತಾನು 1930ಕ್ಕಿಂತ ಹಿಂದಿನದು ಎನ್ನುತ್ತಿದೆ. ಈಗ ಹಿಂಬದಿ ತೆಗೆಸಿ. ಅಲುಗಾಡುವ ಚಕ್ರದ ನಡುವಿನ ಕೆಂಪು ಕಲ್ಲಿನ ಮೇಲೆ ಲೈರ್ ವಾದ್ಯದ ಆಕಾರದ ಪುಟ್ಟ ಸ್ಪ್ರಿಂಗ್ ಇದ್ದರೆ ಅದು ಇಂಕಾಬ್ಲಾಕ್, ವಾಚು ಕೆಳಗೆ ಬಿದ್ದರೂ ಅಚ್ಚು ಮುರಿಯದಂತೆ ಕಾಯುವ ಏರ್ಪಾಡು. ಅದು ಬಂದದ್ದು 1930ರ ದಶಕದ ನಡುವೆ. ಬೆನ್ನು ಒಂದು ಕಾಲ ಹೇಳುತ್ತದೆ, ಹೊಟ್ಟೆ ಇನ್ನೊಂದು. ಯಾರೋ ಕೊರೆದರು, ಇಲ್ಲವೇ ಯಾರೋ ಮಷೀನು ಬದಲಿಸಿದರು. ಎರಡರಲ್ಲಿ ಯಾವುದಾದರೂ ಆಗಲಿ, ‘ಎಲ್ಲಾ ಒರಿಜಿನಲ್’ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ಕತ್ತಲಲ್ಲಿ ಮಿನುಗುವ ಮುಳ್ಳಿನದ್ದೂ ಇದೇ ಪಾಡು. 1960ರ ದಶಕಕ್ಕೆ ಮುಂಚಿನ ಸ್ವಿಸ್ ವಾಚುಗಳಲ್ಲಿ ಬಳಿಯುತ್ತಿದ್ದದ್ದು ರೇಡಿಯಂ. ರೇಡಿಯಂ ಇನ್ನೂ ವಿಕಿರಣ ಬಿಡುತ್ತಲೇ ಇದ್ದರೂ, ಅದರ ಜೊತೆ ಬೆರೆಸಿದ್ದ ಬೆಳಗುವ ಪುಡಿ ಎಂದೋ ಸುಟ್ಟುಹೋಗಿರುತ್ತದೆ. ಐವತ್ತರ ದಶಕದ್ದು ಎಂದು ಕೊಟ್ಟ ವಾಚು ರಾತ್ರಿಯಿಡೀ ಹಸಿರಾಗಿ ಹೊಳೆದರೆ ಬಣ್ಣ ಹೊಸದು. ಹೊಳೆಯದಿದ್ದರೆ ಸಂತೋಷಪಡಿ, ಆದರೆ ಕೆರೆದು ನೋಡಬೇಡಿ. ಆ ಪುಡಿ ಉಸಿರಿನೊಳಗೆ ಹೋಗಬಾರದು.

ಬೀದರಿನವರಿಗೆ ಇಂಥ ಪರೀಕ್ಷೆ ಗೊತ್ತಿಲ್ಲದ್ದೇನಲ್ಲ. ಚೌಬಾರದ ಸುತ್ತಲಿನ ಬಿದರಿ ಅಂಗಡಿಗೆ ಹೋದವರು ಸತುವಿನ ಮೇಲಿನ ಕಪ್ಪನ್ನು ಹೀಗೇ ನೋಡುತ್ತಾರೆ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ಉಜ್ಜಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಲೋಹದ್ದೇ. ಬಣ್ಣ ಬಳಿದ ನಕಲಿಯಲ್ಲಿ ಕಪ್ಪು ಮೇಲಿನಿಂದ ಬಂದದ್ದು, ಮೂಲೆಯಲ್ಲಿ ಎದ್ದು ಬರುತ್ತದೆ. 2006ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದರಿಂದ ಬಿದರಿಗೆ ಕಾನೂನಿನ ಆಸರೆಯಾದರೂ ಇದೆ. ಹಳೆ ವಾಚಿಗೆ ಅದೂ ಇಲ್ಲ.

ಹಾಗೆಂದು ಬದಲಾದ ವಾಚೆಲ್ಲ ಮೋಸ ಎನ್ನುವುದು ಅನ್ಯಾಯ. ಭಾಲ್ಕಿಯ ಮೇಷ್ಟ್ರೊಬ್ಬರು ಮದುವೆಯಲ್ಲಿ ಬಂದ ಎಚ್‌ಎಂಟಿಯನ್ನು ನಿವೃತ್ತಿಯವರೆಗೂ ಕಟ್ಟಿದ್ದರೆ, ಅದರ ಗಾಜು, ಚಾಬಿಯ ತಲೆ, ಮುಳ್ಳು ಬದಲಾಗದೇ ಇದ್ದರೇ ಆಶ್ಚರ್ಯ. ಔರಾದ್ ಕಡೆಯವರು ಉದ್ಗೀರಿಗೋ ದೇಗಲೂರಿಗೋ ಹೋದಾಗ ರಿಪೇರಿಗೆ ಬಿಟ್ಟ ವಾಚಿಗೆ ಇನ್ನೊಂದು ಸತ್ತ ವಾಚಿನ ಭಾಗ ಬಿದ್ದಿರುತ್ತದೆ. ರಿಪೇರಿಯವನು ವಾಚು ಓಡಲಿ ಎಂದು ಮಾಡಿದ ಕೆಲಸ ಅದು. ಅದನ್ನೇ ಮುಚ್ಚಿಟ್ಟು ‘ಮುಟ್ಟಿದ್ದೇ ಇಲ್ಲ’ ಎಂದು ಮಾರಿದಾಗ ಮಾತ್ರ ಮೋಸ. ನನ್ನ ಮಟ್ಟಿಗೆ ವ್ಯಾಪಾರಿಯನ್ನು ಅಳೆಯುವ ಪಟ್ಟಿ ಇದೊಂದೇ.

ಆ ರಿಪೇರಿಯವರೇ ಒಳ್ಳೆಯ ಸಾಕ್ಷಿಯನ್ನೂ ಬಿಟ್ಟುಹೋಗಿದ್ದಾರೆ. ಹಿಂಬದಿ ಮುಚ್ಚಳದ ಒಳಮೈಯನ್ನು ಬೆಳಕಿಗೆ ಓರೆ ಹಿಡಿದರೆ ಸೂಜಿಮೊನೆಯಲ್ಲಿ ಗೀಚಿದ ಗುರುತುಗಳು ಕಾಣುತ್ತವೆ: ಒಂದು ಸಂಖ್ಯೆ, ತಿಂಗಳು ವರ್ಷ, ಎರಡು ಅಕ್ಷರ. ಸರ್ವಿಸ್ ಮಾಡಿದ ಲೆಕ್ಕ ನೆನಪಿರಲೆಂದು ಬರೆದುಕೊಂಡದ್ದು. ಕೆಲವು ಮಸುಕು, ಕೆಲವು ಇನ್ನೂ ಹೊಳೆಯುತ್ತವೆ, ಒಂದರ ಮೇಲೊಂದು ಹಾಯ್ದಿರುತ್ತವೆ. ಗಿರಾಕಿಯನ್ನು ಮೆಚ್ಚಿಸಲು ಇದನ್ನು ಯಾರೂ ಗೀಚಿರುವುದಿಲ್ಲ. ಒಳಗೆ ಇಷ್ಟೆಲ್ಲ ಓದಿದ ಮೇಲೆ ಹೊರಗೆ ಕನ್ನಡಿಯಂತೆ ಪಾಲಿಶ್ ಆದ ಕೇಸು, ನಿನ್ನೆ ಅಚ್ಚಾದಂಥ ಡಯಲ್ ಕಂಡರೆ, ಆ ಒಳಗು, ಈ ಹೊರಗು ಎಷ್ಟು ವರ್ಷ ಜೊತೆಗಿದ್ದವು ಎಂದು ಕೇಳಬೇಕು. ಒಂದೇ ವಾಚಿನ ಭಾಗಗಳು ಒಂದೇ ಸಮನೆ ಮುಪ್ಪಾಗುತ್ತವೆ. ಗಾಜಿನ ಕೆಳಗಿದ್ದ ಡಯಲ್ ಸ್ವಲ್ಪ ಚೆನ್ನಾಗಿರಬಹುದು, ಆದರೆ ತೇವ ಕುಡಿದ ಮಷೀನಿನ ಮೇಲೆ ಕಲೆಯಿಲ್ಲದ ಡಯಲ್ ಹೊಂದುವುದಿಲ್ಲ.

ಅಸಲಿ ಹೇಗಿತ್ತು ಎಂದು ನೋಡದವರಿಗೆ ನಕಲಿ ಗೊತ್ತಾಗದು. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ನೋಡಿ ಬಂದರೆ ಕಣ್ಣಿಗೆ ಅಳತೆ ಸಿಗುತ್ತದೆ. ಮೊದಮೊದಲ ಡಯಲ್‌ಗಳಲ್ಲಿ ಎಚ್‌ಎಂಟಿ ಜೊತೆ ಸಿಟಿಜನ್ ಹೆಸರೂ ಇರುತ್ತಿತ್ತು. ಅಂಥದ್ದು ಮಾರಾಟಕ್ಕೆ ಬಂದರೆ ಎರಡು ಸಲ ನೋಡಬೇಕು.

ಕೊನೆಗೆ ಬಿಲ್ಲು. ‘ಡಯಲ್ ಮೊದಲಿನದೇ, ಮಷೀನು ಇದೇ ಮಾದರಿಯದು’ ಎಂದು ಬರೆದು ಕೊಡಲು ಹೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ವಿವರ ಕೊಟ್ಟು ಮಾರುವುದು ಅನುಚಿತ ವ್ಯಾಪಾರ, ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಬಾಯಲ್ಲಿ ಹತ್ತು ಸಲ ‘ಅಸಲಿ’ ಎಂದವನು ಬರೆಯುವಾಗ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ‘ಡಯಲ್ ಬಣ್ಣ ಹೊಸದು, ಮುಳ್ಳು ಬದಲಾಗಿದೆ, ಮಷೀನು ಚೆನ್ನಾಗಿದೆ’ ಎಂದು ಬರೆದು ಬೆಲೆಯನ್ನೂ ಹಾಗೇ ಇಳಿಸುವವನು ಸಿಕ್ಕರೆ, ಆ ವಾಚನ್ನು ಕೊಂಡು ದಿನಾ ಚಾಬಿ ಕೊಟ್ಟು ಕಟ್ಟಿಕೊಳ್ಳಲು ಅಡ್ಡಿಯಿಲ್ಲ.