ಕಾರಿನ ಲೈಸೆನ್ಸ್‌ನಲ್ಲಿ ಟಾಟಾ ಏಸ್ ಓಡಿಸಬಹುದಾ? ಕಾರ್ಡಿನ ಮೇಲಿನ ಮೂರಕ್ಷರಕ್ಕೆ ಎಷ್ಟು ಬೆಲೆ

ಏಳು ವರ್ಷ ನಾನು ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿದ್ದೀನಿ. ಜೇಬಿನಲ್ಲಿ ಕಾರ್ಡು ಇತ್ತು, ಅದರಲ್ಲಿ ನನ್ನದೇ ಫೋಟೋ ಇತ್ತು, ಪೊಲೀಸರು ಎರಡು ಸಲ ಅದನ್ನು ನೋಡಿ ವಾಪಸ್ಸೂ ಕೊಟ್ಟಿದ್ದರು. ಆದರೆ ಎಂಜಿನಿಯರಿಂಗ್ ಮುಗಿಸಿದ ವರ್ಷ ಡ್ರೈವಿಂಗ್ ಸ್ಕೂಲಿನವರು ಮಾಡಿಸಿಕೊಟ್ಟ ಆ ಕಾರ್ಡಿನಲ್ಲಿ ಇದ್ದದ್ದು ‘ಎಲ್‌ಎಂವಿ’ ಒಂದೇ. ಲೈಟ್ ಮೋಟಾರ್ ವೆಹಿಕಲ್, ಅಂದರೆ ಕಾರು. ಟೂ ವೀಲರ್ ಬೇರೆ ಕ್ಲಾಸು, ಅದಕ್ಕೆ ಬೇರೆ ಟೆಸ್ಟು. ಕಾರು ಓಡಿಸೋನಿಗೆ ಸ್ಕೂಟರ್ ಯಾವ ಲೆಕ್ಕ ಅನ್ನೋದು ನಮ್ಮ ತರ್ಕ, ಕಾನೂನಿನದ್ದಲ್ಲ.

ಇದು ನನಗೆ ಹೊಳೆದದ್ದು ಕಳೆದ ತಿಂಗಳು, ತಿಪಟೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದಾಗ. ಅವನಿಗೆ 22 ವರ್ಷ. ಕೊಬ್ಬರಿ, ತರಕಾರಿ ಸಾಗಿಸೋ ಬಾಡಿಗೆ ಹಿಡಿಯೋಣ ಅಂತ ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ನೋಡಿದ್ದಾನೆ. “ಅಣ್ಣ, ನಂದು ಕಾರಿನ ಲೈಸೆನ್ಸ್ ಇದೆ. ಎಲ್ಲೋ ಬೋರ್ಡ್ ಗಾಡಿಗೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇರೆ ಆಗ್ಬೇಕು ಅಂತಾನೆ ಏಜೆಂಟು. ಹೌದಾ?” ಅಂದ. ಕೋಡು ಹೇಗಿರುತ್ತೆ ನೋಡೋಣ ಅಂತ ನನ್ನ ಕಾರ್ಡು ತೆಗೆದೆ. ಅವನ ಪ್ರಶ್ನೆಗೆ ಮೊದಲು ನನ್ನ ಬಂಡವಾಳ ಬಯಲಾಯಿತು.

ಅವನ ಪ್ರಶ್ನೆ ಸಣ್ಣದಾಗಿ ಕಾಣುತ್ತೆ. ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೂತು ಉತ್ತರ ಕೊಡಬೇಕಾದ ಪ್ರಶ್ನೆ ಅದು.

1988ರ ಮೋಟಾರು ವಾಹನ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ ಲೈಸೆನ್ಸಿನ ಕ್ಲಾಸುಗಳ ಪಟ್ಟಿ ಇದೆ. ಗೇರ್ ಇಲ್ಲದ ಬೈಕು, ಗೇರ್ ಇರುವ ಬೈಕು, ಲೈಟ್ ಮೋಟಾರ್ ವೆಹಿಕಲ್ ಹೀಗೆ. ಮೊದಲು ಇದೇ ಪಟ್ಟಿಯಲ್ಲಿ ಮೀಡಿಯಂ ಗೂಡ್ಸ್, ಮೀಡಿಯಂ ಪ್ಯಾಸೆಂಜರ್, ಹೆವಿ ಗೂಡ್ಸ್, ಹೆವಿ ಪ್ಯಾಸೆಂಜರ್ ಅಂತ ನಾಲ್ಕು ಕ್ಲಾಸುಗಳಿದ್ದವು. 1994ರ ತಿದ್ದುಪಡಿ ಆ ನಾಲ್ಕನ್ನೂ ಎತ್ತಿಹಾಕಿ ‘ಟ್ರಾನ್ಸ್‌ಪೋರ್ಟ್ ವೆಹಿಕಲ್’ ಅಂತ ಒಂದೇ ಕ್ಲಾಸು ಮಾಡಿತು. ಗೊಂದಲ ಶುರುವಾಗಿದ್ದು ಅಲ್ಲಿ. ‘ಲೈಟ್’ ಅನ್ನೋದು ತೂಕದ ಲೆಕ್ಕ, 7,500 ಕೆಜಿ ಮೀರಬಾರದು. ‘ಟ್ರಾನ್ಸ್‌ಪೋರ್ಟ್’ ಅನ್ನೋದು ಬಳಕೆಯ ಲೆಕ್ಕ, ಬಾಡಿಗೆಗೆ ಜನರನ್ನೋ ಸರಕನ್ನೋ ಹೊರುವ ಗಾಡಿ. ಪಿಯುಸಿಯಲ್ಲಿ ವೆನ್ ಡಯಾಗ್ರಂ ಬರೆದವರಿಗೆ ಸಮಸ್ಯೆ ತಕ್ಷಣ ಕಾಣುತ್ತೆ: ಟಾಟಾ ಏಸ್, ಬೊಲೆರೊ ಪಿಕಪ್, ಟ್ಯಾಕ್ಸಿ ಎಲ್ಲ ಎರಡೂ ವೃತ್ತದೊಳಗೆ ಬೀಳುತ್ತವೆ.

ಈ ಗೊಂದಲದ ಲಾಭ ಆದದ್ದು ವಿಮಾ ಕಂಪನಿಗಳಿಗೆ. ಅಪಘಾತ ಆಗುತ್ತೆ, ಗಾಡಿಗೆ ವಿಮೆ ಇರುತ್ತೆ, ಡ್ರೈವರ್ ಹತ್ತಿರ ಎಲ್‌ಎಂವಿ ಇರುತ್ತೆ. ‘ಟ್ರಾನ್ಸ್‌ಪೋರ್ಟ್ ಅಂತ ನಮೂದಾಗಿಲ್ಲ, ನಮ್ಮ ಹೊಣೆ ಅಲ್ಲ’ ಅಂತ ಕಂಪನಿ ಕೋರ್ಟಿಗೆ ಹೋಗುತ್ತೆ. ಇಂಥ ಕೇಸುಗಳಲ್ಲಿ ಎಷ್ಟೋ ಸಲ ಕೋರ್ಟುಗಳು ಕಂಪನಿಯಿಂದಲೇ ಸಂತ್ರಸ್ತರಿಗೆ ಹಣ ಕೊಡಿಸಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅನ್ನುತ್ತವೆ. ನೂರು ಲಾರಿಗಳ ಮಾಲೀಕ ಹೇಗೋ ತಡ್ಕೊಂಡಾನು. ಒಂದೇ ಗಾಡಿಯನ್ನು ಸಾಲ ಮಾಡಿ ತಗೊಂಡು ತಾನೇ ಓಡಿಸೋ ನನ್ನ ತಮ್ಮನಂಥವನು? ಗಾಡಿ ಹೋಗುತ್ತೆ, ಆಮೇಲೆ ತೋಟಕ್ಕೆ ಬರುತ್ತೆ.

2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ‘7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಸಾಕು’ ಅಂದಿತ್ತು. ವಿಮಾ ಕಂಪನಿಗಳು ಬಿಡಲಿಲ್ಲ. 2022ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು, ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಅದೇ ಮಾತನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾ. ಹೃಷಿಕೇಶ್ ರಾಯ್. ಎಲ್‌ಎಂವಿ ಡ್ರೈವರುಗಳಿಂದಲೇ ಅಪಘಾತ ಹೆಚ್ಚಾಗಿದೆ ಅನ್ನೋದಕ್ಕೆ ಅಂಕಿಅಂಶ ಯಾರೂ ಮುಂದಿಟ್ಟಿಲ್ಲ, ಜೊತೆಗೆ ಇದು ಡ್ರೈವರುಗಳ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು ಅನ್ನೋದನ್ನು ಪೀಠ ಗಮನಿಸಿತು.

ಹಾಗಾಗಿ ತಮ್ಮನಿಗೆ ಹೇಳಿದೆ: ಟಾಟಾ ಏಸ್‌ಗೆ ನಿನ್ನ ಎಲ್‌ಎಂವಿ ಸಾಕು, ಏಜೆಂಟಿಗೆ ದುಡ್ಡು ಕೊಡಬೇಡ. ಆದರೆ ಆರ್‌ಸಿಯಲ್ಲಿ ‘ಗ್ರಾಸ್ ವೆಹಿಕಲ್ ವೇಟ್’ ಎಷ್ಟಿದೆ ನೋಡ್ಕೋ. ಕಾರಿಗಾದರೆ ಖಾಲಿ ತೂಕ ಲೆಕ್ಕ, ಸರಕು ಗಾಡಿಗೆ ಲೋಡ್ ಸಮೇತದ ತೂಕ. ನಾಳೆ ದೊಡ್ಡ ಲಾರಿ ಹಿಡೀತೀನಿ ಅಂದರೆ ಮಾತ್ರ ಟ್ರಾನ್ಸ್‌ಪೋರ್ಟ್ ಬೇಕೇ ಬೇಕು. ಅದರ ಎಲ್‌ಎಲ್ ಸಿಗೋಕೆ ಮೊದಲು ಎಲ್‌ಎಂವಿ ಪಡೆದು ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಸಿಕ್ಕಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಅಂದಹಾಗೆ, 2019ರವರೆಗೆ ಇದಕ್ಕೆ ಎಂಟನೇ ಕ್ಲಾಸು ಪಾಸಾಗಿರಬೇಕು ಅಂತಲೂ ನಿಯಮವಿತ್ತು. ಸ್ಟೇರಿಂಗ್ ಹಿಡಿಯೋಕೆ ಮಾರ್ಕ್ಸ್ ಕಾರ್ಡ್ ಯಾಕೆ ಬೇಕಿತ್ತೋ, ಶಾಲೆ ಬಿಟ್ಟವರ ಕೈಯಿಂದ ಒಂದು ಕೆಲಸ ಕಿತ್ಕೊಂಡಿದ್ದು ಬಿಟ್ಟರೆ ಅದರಿಂದ ಏನೂ ಆಗಿರಲಿಲ್ಲ.

ಇದನ್ನು ಓದ್ತಿರೋ ಬಹಳಷ್ಟು ಜನರಿಗೆ ಬೇಕಿರೋದು ಟೂ ವೀಲರ್ ಲೈಸೆನ್ಸು. ಅಲ್ಲಿ ಜನ ಎಡವೋದು ಗೇರ್ ವಿಷಯದಲ್ಲಿ. ಮನೆಯ ಸ್ಕೂಟರ್ ತಗೊಂಡು ಟೆಸ್ಟಿಗೆ ಹೋದರೆ ಸಿಗೋದು ‘ಎಂಸಿಡಬ್ಲ್ಯುಒಜಿ’, ಅಂದರೆ ಗೇರ್ ಇಲ್ಲದ ಬೈಕು. ಅದರಲ್ಲಿ ಫ್ರೆಂಡ್‌ನ ಬುಲೆಟ್ ಓಡಿಸೋ ಹಾಗಿಲ್ಲ. ಗೇರ್ ಇರುವ ‘ಎಂಸಿಡಬ್ಲ್ಯುಜಿ’ ಮಾಡಿಸಿದರೆ ಸ್ಕೂಟರಿಗೂ ಆಗುತ್ತೆ. ಬೈಕ್ ಕೊಟ್ಟ ಫ್ರೆಂಡ್ ಕೂಡ ತಪ್ಪಿಸಿಕೊಳ್ಳೋ ಹಾಗಿಲ್ಲ, ಸರಿಯಾದ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಡೋದೇ ಮಾಲೀಕನ ಅಪರಾಧ.

ಹದಿನಾರು ವರ್ಷಕ್ಕೇ ಲೈಸೆನ್ಸ್ ಸಿಗುತ್ತೆ ಅಂತ ಮಗಳಿಗೆ 110 ಸಿಸಿ ಸ್ಕೂಟರ್ ಕೊಡಿಸೋ ಪೋಷಕರನ್ನು ನೋಡಿದ್ದೀನಿ. ಆ ವಿನಾಯಿತಿ 50 ಸಿಸಿವರೆಗಿನ ಎಂಜಿನ್‌ಗೆ ಮಾತ್ರ. ಅಂಥ ಗಾಡಿ ಈಗ ಶೋರೂಮಿನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಎಲೆಕ್ಟ್ರಿಕ್‌ನಲ್ಲೂ ಇದೇ ಕಥೆ: ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಲೈಸೆನ್ಸ್ ಬೇಡ. ರಸ್ತೆಯಲ್ಲಿ ನಮ್ಮನ್ನು ಓವರ್‌ಟೇಕ್ ಮಾಡಿ ಹೋಗೋ ಇ-ಸ್ಕೂಟರುಗಳು ಈ ಲೆಕ್ಕಕ್ಕೆ ಬರೋದಿಲ್ಲ, ಅವಕ್ಕೆ ಬೇಕೇ ಬೇಕು.

ಕಾರಿನಲ್ಲಿ ಅಷ್ಟು ತಲೆನೋವಿಲ್ಲ. ಆಟೊಮ್ಯಾಟಿಕ್, ಮ್ಯಾನುಯಲ್ ಅಂತ ನಮ್ಮಲ್ಲಿ ಕ್ಲಾಸು ಬೇರೆ ಮಾಡಿಲ್ಲ, ಎಲ್‌ಎಂವಿ ಎರಡಕ್ಕೂ ಒಂದೇ.

ಹೊಸದಾಗಿ ಮಾಡಿಸೋರು ಎಲ್‌ಎಲ್ ಅರ್ಜಿ ಹಾಕುವಾಗಲೇ ಗೇರ್ ಬೈಕು ಮತ್ತು ಕಾರು ಎರಡನ್ನೂ ಟಿಕ್ ಮಾಡಿ. ಸಾರಥಿ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು. ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ, ಆರು ತಿಂಗಳೊಳಗೆ ಟೆಸ್ಟು ಮುಗಿಸಬೇಕು. ಈಗಾಗಲೇ ಕಾರ್ಡು ಇರೋರು ಅದನ್ನೊಮ್ಮೆ ತಿರುಗಿಸಿ ಓದಿ. ಕ್ಲಾಸು ಬಿಟ್ಟುಹೋಗಿದ್ದರೆ ಹಳೇ ಕಾರ್ಡಿಗೇ ಸೇರಿಸಬಹುದು, ಅದಕ್ಕೂ ಎಲ್‌ಎಲ್‌ನಿಂದಲೇ ಶುರು ಮಾಡಬೇಕು. ನಾನು ಅರ್ಜಿ ಹಾಕಿದ್ದೀನಿ. ಟೆಸ್ಟಿನ ದಿನ ಬರೋವರೆಗೂ ಆಫೀಸಿಗೆ ಬಸ್ಸಿನಲ್ಲೇ ಓಡಾಟ, ಸಂಜೆ ಹೊತ್ತು ಹಿಂದೆ ಲೈಸೆನ್ಸ್ ಇರೋ ಗೆಳೆಯನನ್ನು ಕೂರಿಸಿಕೊಂಡು, ಎಲ್ ಬೋರ್ಡ್ ಅಂಟಿಸಿದ ಅವನ ಬೈಕಿನಲ್ಲಿ ಎಂಟು ಹಾಕೋದು ಕಲೀತಿದ್ದೀನಿ.