ನೆಲದೊಳಗಿನ ಲೆಕ್ಕ: ಇಂಡೋನೇಷ್ಯಾದ 608 ಗ್ರಾಮಗಳ ರಸ್ತೆ ಕಾಮಗಾರಿಗಳ ಅಧ್ಯಯನ

ಗ್ರಾಮ ಮಟ್ಟದ ಕಾಮಗಾರಿಗಳಲ್ಲಿ ಹಣ ಸೋರಿಕೆಯಾಗದಂತೆ ತಡೆಯಲು ಎರಡು ಮಾರ್ಗಗಳನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಒಂದು, ಮೇಲಿನ ಹಂತದಿಂದ ನಡೆಯುವ ಲೆಕ್ಕಪರಿಶೋಧನೆ. ಇನ್ನೊಂದು, ಗ್ರಾಮಸ್ಥರೇ ಸಭೆ ಸೇರಿ ಲೆಕ್ಕ ಕೇಳುವುದು. ಇವೆರಡರಲ್ಲಿ ಯಾವುದು ಹೆಚ್ಚು ಪರಿಣಾಮಕಾರಿ ಎಂಬ ಪ್ರಶ್ನೆಗೆ ಬಹುತೇಕ ಸಂದರ್ಭಗಳಲ್ಲಿ ಅವರವರ ಅಭಿಪ್ರಾಯವೇ ಉತ್ತರವಾಗುತ್ತದೆ. ಈ ಪ್ರಶ್ನೆಯನ್ನು ಅಭಿಪ್ರಾಯಕ್ಕೆ ಬಿಡದೆ, ರಸ್ತೆಗಳನ್ನು ಅಗೆದು ಅಳೆದು ಉತ್ತರ ಕಂಡುಕೊಳ್ಳಲು ಯತ್ನಿಸಿದ ಒಂದು ಅಧ್ಯಯನವು 2003-04ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ನಡೆಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಅವರು ಕೈಗೊಂಡ ಈ ಅಧ್ಯಯನದ ವರದಿ 2007ರಲ್ಲಿ ಪ್ರಕಟವಾಯಿತು. ಅದರ ವಿವರಗಳು ಗ್ರಾಮ ಪಂಚಾಯತಿ ಸದಸ್ಯರಿಗೆ ಉಪಯುಕ್ತವೆಂದು ಭಾವಿಸಿ ಇಲ್ಲಿ ನೀಡಲಾಗಿದೆ.

ಅಧ್ಯಯನಕ್ಕೆ ಆಯ್ಕೆಯಾದ ಕಾಮಗಾರಿಗಳು ‘ಕೆಚಮತಾನ್ ಅಭಿವೃದ್ಧಿ ಕಾರ್ಯಕ್ರಮ’ಕ್ಕೆ ಸೇರಿದವು. ಕೆಚಮತಾನ್ ಎಂದರೆ ಹಲವು ಗ್ರಾಮಗಳನ್ನೊಳಗೊಂಡ ಆಡಳಿತ ಘಟಕ; ಗಾತ್ರದಲ್ಲಿ ನಮ್ಮ ಹೋಬಳಿಯನ್ನು ನೆನಪಿಸುವಂಥದು. ವಿಶ್ವಬ್ಯಾಂಕ್ ಸಾಲದ ನೆರವಿನಿಂದ 1998ರಲ್ಲಿ, ಅಂದರೆ ಸುಹಾರ್ತೊ ಅವರ ದೀರ್ಘ ಆಳ್ವಿಕೆ ಕೊನೆಗೊಂಡ ವರ್ಷವೇ, ಈ ಕಾರ್ಯಕ್ರಮ ಆರಂಭವಾಯಿತು. ಗ್ರಾಮಗಳು ತಮಗೆ ಬೇಕಾದ ಕಾಮಗಾರಿಯನ್ನು ತಾವೇ ಪ್ರಸ್ತಾಪಿಸಬೇಕಿತ್ತು. ಮಂಜೂರಾದರೆ ಗ್ರಾಮದ ಅನುಷ್ಠಾನ ತಂಡವೇ ಅದನ್ನು ನಿರ್ವಹಿಸಬೇಕಿತ್ತು. ಹಣ ಕಂತುಗಳಲ್ಲಿ ಬಿಡುಗಡೆಯಾಗುತ್ತಿತ್ತು. ಮುಂದಿನ ಕಂತು ಪಡೆಯುವ ಮುನ್ನ ಅನುಷ್ಠಾನ ತಂಡವು ಬಹಿರಂಗ ಗ್ರಾಮಸಭೆಯಲ್ಲಿ ಖರ್ಚಿನ ವಿವರ ಮಂಡಿಸುವುದು ಕಡ್ಡಾಯವಾಗಿತ್ತು. ಜಾವಾದಲ್ಲಿ ಗ್ರಾಮದ ಮುಖ್ಯಸ್ಥನನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ಆತನಿಗೆ ಸಂಭಾವನೆಯ ರೂಪದಲ್ಲಿ ಗ್ರಾಮದ ಜಮೀನಿನ ಅನುಭೋಗ ದೊರೆಯುವ ಪದ್ಧತಿ ಅಲ್ಲಿ ಹಳೆಯದು. ನಮ್ಮಲ್ಲಿ ಹಿಂದೆ ಪಟೇಲ, ಶಾನುಭೋಗರಿಗಿದ್ದ ಇನಾಮು ಭೂಮಿಯನ್ನು ಸದಸ್ಯರು ಇಲ್ಲಿ ನೆನೆಯಬಹುದು.

ಪೂರ್ವ ಜಾವಾ ಮತ್ತು ಮಧ್ಯ ಜಾವಾ ಪ್ರಾಂತ್ಯಗಳ 608 ಗ್ರಾಮಗಳು ಈ ಯೋಜನೆಯಡಿ ಮರಳು, ಕಲ್ಲು ಹಾಗೂ ಜಲ್ಲಿಯ ರಸ್ತೆ ನಿರ್ಮಿಸಲು ಸಿದ್ಧವಾಗಿದ್ದವು. ಲಾಟರಿ ಎತ್ತಿದಂತೆ ಯಾದೃಚ್ಛಿಕವಾಗಿ ಇವುಗಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಕೆಲವು ಗ್ರಾಮಗಳಿಗೆ, ಕೆಲಸ ಆರಂಭವಾಗುವ ಮೊದಲೇ, ನಿಮ್ಮ ಕಾಮಗಾರಿಯನ್ನು ಕೇಂದ್ರ ಸರ್ಕಾರದ ಲೆಕ್ಕಪರಿಶೋಧಕರು ಖಚಿತವಾಗಿ ಪರಿಶೀಲಿಸುವರು ಮತ್ತು ವರದಿಯನ್ನು ಬಹಿರಂಗ ಗ್ರಾಮಸಭೆಯ ಮುಂದಿಡಲಾಗುವುದು ಎಂದು ತಿಳಿಸಲಾಯಿತು. ಉಳಿದ ಗ್ರಾಮಗಳಲ್ಲಿ ಎಂದಿನಂತೆ ಪರಿಶೋಧನೆಯ ಸಾಧ್ಯತೆ ಸುಮಾರು ಶೇ. 4 ಮಾತ್ರ ಇತ್ತು. ಇದರ ಜೊತೆಗೆ, ಪ್ರತ್ಯೇಕವಾಗಿ ಆಯ್ದ ಗ್ರಾಮಗಳಲ್ಲಿ 300 ಅಥವಾ 500 ಆಹ್ವಾನ ಪತ್ರಗಳನ್ನು ಮನೆಮನೆಗೆ ಹಂಚಿ ಜನರನ್ನು ಲೆಕ್ಕ ಮಂಡನೆಯ ಸಭೆಗೆ ಕರೆಯಲಾಯಿತು. ಇನ್ನು ಕೆಲವೆಡೆ ಆಹ್ವಾನದೊಂದಿಗೆ ಹೆಸರು ಬರೆಯಬೇಕಿಲ್ಲದ ಅಭಿಪ್ರಾಯ ನಮೂನೆಯನ್ನೂ ಕೊಟ್ಟು, ಜನರು ಬರೆದದ್ದರ ಸಾರಾಂಶವನ್ನು ಸಭೆಯಲ್ಲಿ ಓದಲಾಯಿತು.

ಈ ಅಧ್ಯಯನದ ನಿಜವಾದ ವಿಶೇಷವಿರುವುದು ಸೋರಿಕೆಯನ್ನು ಅಳೆದ ಬಗೆಯಲ್ಲಿ. ಭ್ರಷ್ಟಾಚಾರದ ಅಧ್ಯಯನಗಳು ಬಹುಪಾಲು ಜನರನ್ನು ಕೇಳಿ ಬರೆದುಕೊಳ್ಳುತ್ತವೆ. ಇಲ್ಲಿ ಹಾಗೆ ಮಾಡಲಿಲ್ಲ. ರಸ್ತೆ ಪೂರ್ಣಗೊಂಡ ನಂತರ ಇಂಜಿನಿಯರುಗಳು ಪ್ರತಿ ರಸ್ತೆಯಲ್ಲಿ 40 ಸೆಂಟಿಮೀಟರ್ ಉದ್ದಗಲದ ಹತ್ತು ಗುಂಡಿಗಳನ್ನು ತೆಗೆದು, ಮರಳು, ಕಲ್ಲು, ಜಲ್ಲಿ ಪ್ರತಿಯೊಂದೂ ಎಷ್ಟೆಷ್ಟಿದೆ ಎಂದು ಅಳೆದರು. ಆ ಭಾಗದ ಸರಬರಾಜುದಾರರನ್ನು ವಿಚಾರಿಸಿ ಸಾಮಗ್ರಿಯ ನೈಜ ದರ ತಿಳಿದುಕೊಳ್ಳಲಾಯಿತು. ಕೆಲಸ ಮಾಡಿದವರನ್ನು ಕಂಡು ಕೂಲಿ ಎಷ್ಟು ದಿನದ್ದು, ಎಷ್ಟು ಸಿಕ್ಕಿತು ಎಂದು ಕೇಳಲಾಯಿತು. ಹೀಗೆ ಸಿದ್ಧವಾದ ಸ್ವತಂತ್ರ ಅಂದಾಜನ್ನು ಗ್ರಾಮದವರು ತೋರಿಸಿದ ಖರ್ಚಿನೊಂದಿಗೆ ಹೋಲಿಸಿ, ಉಳಿದ ಅಂತರವನ್ನು ‘ಕಾಣೆಯಾದ ಖರ್ಚು’ ಎಂದು ಪರಿಗಣಿಸಲಾಯಿತು.

ಸುರಿದ ಮರಳೆಲ್ಲವೂ ಇದ್ದಲ್ಲಿಯೇ ಉಳಿಯುವುದಿಲ್ಲ, ಮಣ್ಣಿನಲ್ಲಿ ಇಳಿಯುತ್ತದೆ, ಸಾಗಣೆಯಲ್ಲಿ ಚೆಲ್ಲುತ್ತದೆ ಎಂಬ ಆಕ್ಷೇಪ ಯಾವ ಕಿರಿಯ ಇಂಜಿನಿಯರರಿಂದಲೂ ಬರುವಂಥದೇ. ಅದಕ್ಕಾಗಿ ಸಂಶೋಧಕರು ಚಿಕ್ಕ ಪರೀಕ್ಷಾ ರಸ್ತೆಗಳನ್ನು ತಾವೇ ಪ್ರಾಮಾಣಿಕವಾಗಿ ನಿರ್ಮಿಸಿ, ಅದೇ ರೀತಿ ಅಗೆದು, ಸಹಜವಾಗಿ ಎಷ್ಟು ನಷ್ಟವಾಗುತ್ತದೆ ಎಂದು ತಿಳಿದು ಅಷ್ಟನ್ನು ಲೆಕ್ಕದಿಂದ ಕಳೆದರು.

ದಪ್ಪಕ್ಕೆ ಇಷ್ಟು ಮಹತ್ವವೇಕೆಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಒಂದು ಕಿಲೋಮೀಟರ್ ಉದ್ದ, 3 ಮೀಟರ್ ಅಗಲದ ರಸ್ತೆಯಲ್ಲಿ ಜಲ್ಲಿಯ ಪದರ ಕೇವಲ 3 ಸೆಂಟಿಮೀಟರ್ ಕಡಿಮೆಯಾದರೆ 90 ಘನ ಮೀಟರ್ ಜಲ್ಲಿ ಉಳಿಯಿತೆಂದು ಅರ್ಥ. ಟಿಪ್ಪರ್ ಒಂದಕ್ಕೆ 6 ಘನ ಮೀಟರಿನಂತೆ ಅದು 15 ಲೋಡು. ಉದ್ದ, ಅಗಲಗಳನ್ನು ದಾರಿಹೋಕನೂ ನೋಡಬಲ್ಲ; ಈ 3 ಸೆಂಟಿಮೀಟರನ್ನು ರಸ್ತೆಯ ಪಕ್ಕದ ಮನೆಯವನೂ ಕಾಣಲಾರ. ಮೊದಲ ಎರಡು ಮಳೆಗಾಲಗಳು ಕಳೆದ ನಂತರ ಮಾತ್ರ ಅದು ಕಾಣಿಸಿಕೊಳ್ಳುತ್ತದೆ.

ಫಲಿತಾಂಶ ಹೀಗಿತ್ತು. ಒಟ್ಟಾರೆಯಾಗಿ ತೋರಿಸಿದ ಖರ್ಚಿನ ಸುಮಾರು ಕಾಲು ಭಾಗ ರಸ್ತೆಯಲ್ಲಿ ಇರಲಿಲ್ಲ. ಪರಿಶೋಧನೆ ಖಚಿತವೆಂದು ಮೊದಲೇ ತಿಳಿಸಿದ ಗ್ರಾಮಗಳಲ್ಲಿ ಈ ಸೋರಿಕೆ ಉಳಿದ ಗ್ರಾಮಗಳಿಗಿಂತ ಸುಮಾರು 8 ಶೇಕಡಾ ಅಂಶದಷ್ಟು ಕಡಿಮೆಯಿತ್ತು. ನೂರಕ್ಕೆ ಸುಮಾರು 28 ಕಾಣೆಯಾಗುತ್ತಿದ್ದುದು ಸುಮಾರು 19ಕ್ಕೆ ಇಳಿಯಿತು. ಸೋರಿಕೆ ನಿಲ್ಲಲಿಲ್ಲ, ತಗ್ಗಿತು. ಗ್ರಾಮದ ಮುಖ್ಯಸ್ಥನ ಚುನಾವಣೆ ಸಮೀಪಿಸಿದ್ದ ಕಡೆ ಇಳಿಕೆ ಇನ್ನೂ ಹೆಚ್ಚಿತ್ತು. ಮೊಕದ್ದಮೆ, ಜೈಲು ಎಂಬ ಭಯಕ್ಕಿಂತ, ವರದಿಯನ್ನು ಊರಿನವರೆದುರು ಓದಲಾಗುವುದೆಂಬ ಅಳುಕು ಇಲ್ಲಿ ಕೆಲಸ ಮಾಡಿರಬೇಕೆಂದು ಇದರಿಂದ ಊಹಿಸಲು ಅವಕಾಶವಿದೆ.

ಆಹ್ವಾನ ಪತ್ರಗಳ ಫಲಿತಾಂಶ ಬೇರೆಯಾಗಿತ್ತು. ಸಭೆಗೆ ಬಂದವರ ಸಂಖ್ಯೆ ಸುಮಾರು ಶೇ. 40ರಷ್ಟು ಹೆಚ್ಚಿತು, ಮುಖಂಡರ ವಲಯಕ್ಕೆ ಸೇರದ ಸಾಮಾನ್ಯ ಗ್ರಾಮಸ್ಥರೂ ಹೆಚ್ಚಾಗಿ ಬಂದರು. ಆದರೆ ಒಟ್ಟು ಸೋರಿಕೆಯಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಜನಭಾಗವಹಿಸುವಿಕೆಯನ್ನು ಬೆಂಬಲಿಸುವವರಿಗೆ ಇದು ನಿರಾಶಾದಾಯಕವೆಂದು ತೋರಬಹುದು. ಆದರೆ ಖರ್ಚನ್ನು ಕೂಲಿ ಮತ್ತು ಸಾಮಗ್ರಿ ಎಂದು ಬೇರ್ಪಡಿಸಿ ನೋಡಿದಾಗ ಚಿತ್ರ ಬದಲಾಗುತ್ತದೆ. ಆಹ್ವಾನ ಪತ್ರ ಹಂಚಿದ ಗ್ರಾಮಗಳಲ್ಲಿ ಕೂಲಿ ಬಾಬ್ತಿನ ಸೋರಿಕೆ ಚೆನ್ನಾಗಿಯೇ ಇಳಿದಿತ್ತು. ಜಾವಾದಲ್ಲಿ ‘ಗೊತೊಂಗ್ ರೊಯೊಂಗ್’ ಎಂಬ ಪದ್ಧತಿಯಿದೆ. ಊರಿನ ಕೆಲಸಕ್ಕೆ ಎಲ್ಲರೂ ಬಿಟ್ಟಿಯಾಗಿ ಕೈಗೂಡಿಸುವುದು, ನಮ್ಮ ಮುಯ್ಯಾಳಿಗೆ ಸಮೀಪದ ಭಾವನೆ. ಹೀಗೆ ಪುಕ್ಕಟೆಯಾಗಿ ದೊರೆತ ದುಡಿಮೆಯನ್ನು ಪೂರ್ಣ ಕೂಲಿ ಕೊಟ್ಟಂತೆ ಬರೆದುಕೊಳ್ಳುವುದು ಅಲ್ಲಿನ ಸೋರಿಕೆಯ ಒಂದು ಸುಲಭ ದಾರಿ. ತನ್ನ ಹೆಸರಿನಲ್ಲಿ ಹಣ ಪಡೆದಿದ್ದಾರೆಂದು ಸಭೆಯಲ್ಲಿ ಕೇಳಿದ ಕೂಲಿಕಾರ ಎದ್ದು ನಿಲ್ಲುತ್ತಾನೆ. ಅವನಿಗೆ ವಿಷಯ ಗೊತ್ತು, ನಷ್ಟವೂ ಅವನದೇ. ಜಲ್ಲಿ ಕಡಿಮೆಯಾದರೆ ನಷ್ಟ ಊರಿಗೆಲ್ಲ ಹಂಚಿಹೋಗುತ್ತದೆ. ಪ್ರಶ್ನೆ ಕೇಳಿ ಮುಖಂಡರ ಕೋಪಕ್ಕೆ ಗುರಿಯಾಗುವವನು ಮಾತ್ರ ಒಬ್ಬನೇ. ಖರ್ಚಿನ ಬಹುಭಾಗ ಸಾಮಗ್ರಿಯದೇ ಆಗಿದ್ದರಿಂದ ಕೂಲಿಯಲ್ಲಾದ ಉಳಿತಾಯವು ಒಟ್ಟು ಲೆಕ್ಕದಲ್ಲಿ ಎದ್ದು ಕಾಣಲಿಲ್ಲ.

ಅಭಿಪ್ರಾಯ ನಮೂನೆಗಳ ವಿಷಯದಲ್ಲಿಯೂ ಒಂದು ಸಣ್ಣ ಸಂಗತಿ ಗಮನಾರ್ಹ. ನಮೂನೆಗಳನ್ನು ಕೇರಿಯ ಮುಖಂಡರ ಮೂಲಕ ಹಂಚಿದಾಗ ಪರಿಣಾಮ ಕಾಣಲಿಲ್ಲ. ಶಾಲಾ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಿದ ಕಡೆ ಸೋರಿಕೆ ಇಳಿದ ಸೂಚನೆ ಇತ್ತು. ಮುಖಂಡರು ತಮಗೆ ಬೇಕಾದವರಿಗೇ ಕೊಟ್ಟಿರಬಹುದೆಂಬುದು ಊಹೆಗೆ ನಿಲುಕದ ಮಾತಲ್ಲ.

ಓಲ್ಕೆನ್ ಅವರು 2009ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನದಲ್ಲಿ, ಅದೇ ಗ್ರಾಮಗಳ ಜನರು ತಮ್ಮ ರಸ್ತೆಯ ಬಗ್ಗೆ ಏನು ಭಾವಿಸಿದ್ದರೆಂಬುದನ್ನು ಅಗೆದು ಕಂಡ ಸತ್ಯದೊಂದಿಗೆ ಹೋಲಿಸಿದರು. ಜನರ ಅನುಮಾನದಲ್ಲಿ ಹುರುಳಿತ್ತು, ಆದರೆ ಸ್ವಲ್ಪವೇ. ದರ ಹೆಚ್ಚು ತೋರಿಸಿದ್ದನ್ನು ಅವರು ಗುರುತಿಸಬಲ್ಲವರಾಗಿದ್ದರು. ಪ್ರಮಾಣ ಹೆಚ್ಚು ಬರೆದದ್ದನ್ನು ಗುರುತಿಸಲಾರದೆ ಹೋದರು. ಸಿಮೆಂಟು, ಜಲ್ಲಿಯ ದರ ಊರಿನಲ್ಲಿ ಮನೆ ಕಟ್ಟಿದ ಯಾರಿಗಾದರೂ ಗೊತ್ತಿರುತ್ತದೆಯಷ್ಟೆ. ಅಧ್ಯಯನವಾದ ರಸ್ತೆಗಳಲ್ಲಿ ಮೋಸದ ಬಹುಪಾಲು ನಡೆದಿದ್ದುದೂ ದರದಲ್ಲಲ್ಲ, ಪ್ರಮಾಣದಲ್ಲಿ.

ಲೆಕ್ಕಪರಿಶೋಧನೆಯೂ ದೋಷರಹಿತವಾಗಿರಲಿಲ್ಲವೆಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪರಿಶೋಧಕರು ಹೆಚ್ಚಾಗಿ ಹಿಡಿದದ್ದು ರಸೀದಿಯ ಕೊರತೆ, ದರಪಟ್ಟಿ ಪಡೆಯುವ ಕ್ರಮದ ಉಲ್ಲಂಘನೆಯಂತಹ ಕಾಗದಪತ್ರದ ಲೋಪಗಳನ್ನು. ಪರಿಶೋಧನೆ ಖಚಿತವಿದ್ದ ಗ್ರಾಮಗಳಲ್ಲಿ ಸಾಮಗ್ರಿಯ ಕಳವು ಇಳಿದರೂ, ಮುಖಂಡರ ಬಂಧುಗಳಿಗೆ ಕಾಮಗಾರಿಯಲ್ಲಿ ಕೆಲಸ ಸಿಗುವುದು ಹೆಚ್ಚಾಯಿತು. ಒಂದು ಬಾಗಿಲು ಮುಚ್ಚಿದಾಗ ಕಿಟಕಿಯನ್ನು ಹುಡುಕಿದಂತಾಯಿತು. ಒಂದು ಬಾರಿಯ ಪ್ರಯೋಗ ಇದಾದ್ದರಿಂದ, ಪರಿಶೋಧಕರೇ ವರ್ಷವರ್ಷವೂ ಬಂದು ಪರಿಚಿತರಾದ ಮೇಲೆ ಪರಿಣಾಮ ಹೀಗೆಯೇ ಉಳಿಯುವುದೆಂದು ಹೇಳಲಾಗದು.

ಇಂಡೋನೇಷ್ಯಾದಲ್ಲಿ ಈ ಪ್ರಶ್ನೆಯ ಮಹತ್ವ ಆಮೇಲೆ ಹಲವು ಪಟ್ಟು ಹೆಚ್ಚಿದೆ. 2014ರ ಗ್ರಾಮ ಕಾನೂನಿನ ನಂತರ, 2015ರಿಂದ ಕೇಂದ್ರ ಆಯವ್ಯಯದಿಂದಲೇ ಸುಮಾರು 75,000 ಗ್ರಾಮಗಳಿಗೆ ‘ದಾನಾ ದೇಸಾ’ ಎಂಬ ಗ್ರಾಮ ನಿಧಿ ಹಂಚಿಕೆಯಾಗುತ್ತಿದೆ. ಗ್ರಾಮದ ಆಯವ್ಯಯವನ್ನು ದೊಡ್ಡ ಫಲಕದಲ್ಲಿ ಮುದ್ರಿಸಿ ಕಚೇರಿಯೆದುರು ತೂಗುಹಾಕುವುದು ಅಲ್ಲಿ ಈಗ ಸಾಮಾನ್ಯ ದೃಶ್ಯ. ಫಲಕದಲ್ಲಿ ಮೊತ್ತವಿರುತ್ತದೆ, ದಪ್ಪವಿರುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಅಧ್ಯಯನಕ್ಕೆ ಅತಿ ಸಮೀಪ ನಿಲ್ಲುವುದು ಗ್ರಾಮ ಪಂಚಾಯತಿಗಳ ಜಮಾಬಂದಿ. 2000ನೇ ಸಾಲಿನ ಜಮಾಬಂದಿ ನಿಯಮಗಳ ಅನ್ವಯ ದಿನಾಂಕವನ್ನು ಮೊದಲೇ ಪ್ರಕಟಿಸಿ, ಹೊರಗಿನ ಅಧಿಕಾರಿಯ ನೇತೃತ್ವದಲ್ಲಿ, ಸಾರ್ವಜನಿಕರ ಎದುರು ಹಿಂದಿನ ಸಾಲಿನ ದಾಖಲೆ ಮತ್ತು ಕಾಮಗಾರಿಗಳ ಪರಿಶೀಲನೆ ನಡೆಯುತ್ತದೆ. ಮುನ್ಸೂಚನೆ, ಹೊರಗಿನ ಕಣ್ಣು, ಬಹಿರಂಗ ಓದು ಮೂರೂ ಅದರಲ್ಲಿವೆ. ಹಲವೆಡೆ ಕಾಮಗಾರಿ ಸ್ಥಳದಲ್ಲಿ ಆಗುವುದು ಮಾತ್ರ ನಿಂತು ನೋಡಿ ಛಾಯಾಚಿತ್ರ ತೆಗೆಯುವಷ್ಟೇ. ಅಳತೆ ಪುಸ್ತಕದಲ್ಲಿ ದಪ್ಪವೆಂದು ಬರೆದಿರುವ ಅಂಕಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಇಂಜಿನಿಯರರ ಸಮ್ಮುಖದಲ್ಲಿ ರಸ್ತೆಯ ಎರಡು ಮೂರು ಕಡೆ ಗುಂಡಿ ತೆಗೆಸಿ, ಟೇಪು ಹಿಡಿದು, ಮತ್ತೆ ಮುಚ್ಚಿಸುವಂತೆ ಸದಸ್ಯರು ಕೋರಬಹುದು. ಇದಕ್ಕೆ ಅರ್ಧ ದಿನದ ಇಬ್ಬರ ಕೂಲಿ ಸಾಕು. ಕೂಲಿ ಬಾಬ್ತಿಗೆ ಅಗೆಯುವ ಅಗತ್ಯವಿಲ್ಲ; ಹಾಜರಿ ಪಟ್ಟಿಯನ್ನು ಹೆಸರು ಹೆಸರಾಗಿ, ಆ ಹೆಸರಿನವರು ಕುಳಿತಿರುವ ಸಭೆಯಲ್ಲಿ ಓದಿದರಾಯಿತು.