ಬಾಣಲೆಯ ಬಿಸಿ, ಬಕೆಟ್ಟಿನ ನೀರು

ಕಾದ ಎಣ್ಣೆಯಿಂದ ಆಗತಾನೇ ಎತ್ತಿದ ಮೆಣಸಿನಕಾಯಿ ಬಜ್ಜಿ ತಿಂದು ಹೊಟ್ಟೆ ಕೆಡಿಸಿಕೊಂಡವರು ಕಡಿಮೆ. ಬಾಣಲೆಯ ಎಣ್ಣೆ 170 ಡಿಗ್ರಿಯ ಆಸುಪಾಸಿಗೆ ಕಾದಿರುತ್ತದೆ, ಅದರಲ್ಲಿ ಬಿದ್ದ ಕ್ರಿಮಿ ಉಳಿಯುವುದಿಲ್ಲ. ತೊಂದರೆ ಶುರುವಾಗುವುದು ಬಜ್ಜಿ ತಟ್ಟೆಗೆ ಬಂದ ಮೇಲೆ. ತಟ್ಟೆಯನ್ನು ಅದ್ದಿ ತೆಗೆದ ಬಕೆಟ್ಟಿನ ನೀರು, ಮಧ್ಯಾಹ್ನವೇ ರುಬ್ಬಿಟ್ಟ ಕಾಯಿಚಟ್ನಿ, ಮೇಲೆ ಉದುರಿಸುವ ಹಸಿ ಈರುಳ್ಳಿ, ಈಗಷ್ಟೇ ನೋಟು ಎಣಿಸಿದ ಬೆರಳು. ಬೀದಿ ಬದಿಯ ತಿಂಡಿಯ ಮಾತು ಬಂದಾಗಲೆಲ್ಲ ನಾವು ಬಾಣಲೆಯನ್ನು ದೂರುತ್ತೇವೆ. ಬಗ್ಗಿ ನೋಡಬೇಕಾದ್ದು ಗಾಡಿಯ ಕೆಳಗಿನ ಬಕೆಟ್ಟನ್ನು.

ಬೀದಿ ತಿಂಡಿ ಎಂದರೆ ಬೆಂಗಳೂರಿನ ವಿ.ವಿ. ಪುರಂ ಎನ್ನುವುದು ರೂಢಿ. ಅಲ್ಲಿಂದ ಅರುವತ್ತರಿಂದ ಎಂಬತ್ತು ಕಿಲೋಮೀಟರು ದೂರದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಈ ಕಸುಬು ಬೇರೆಯದೇ ಕಾರಣಕ್ಕೆ ಬೇರುಬಿಟ್ಟಿದೆ. ವಾರದ ಕೊನೆಗೆ ನಂದಿಬೆಟ್ಟಕ್ಕೆ ಬರುವವರನ್ನು ಬಿಟ್ಟರೆ ಇಲ್ಲಿ ಗಾಡಿಯ ಮುಂದೆ ನಿಲ್ಲುವವರು ದುಡಿಮೆಯ ನಡುವೆ ಹಸಿದು ಬಂದವರು. ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆಯೇ ಹೂವಿನ ಮೂಟೆಗಳು ಬಂದಿಳಿಯುತ್ತವೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಸುರಿದ ರೈತ ಹರಾಜು ಮುಗಿಯುವ ತನಕ ಜಾಗ ಬಿಟ್ಟು ಕದಲುವಂತಿಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಕ್ರೇಟುಗಳನ್ನು ಹೊರುವ ಹಮಾಲರಿದ್ದಾರೆ. ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗುವವರಿದ್ದಾರೆ. ಮನೆಯ ಒಲೆ ಹತ್ತುವ ಮೊದಲೇ ಇವರಿಗೆ ಹೊಟ್ಟೆಗೆ ಏನಾದರೂ ಬೇಕು, ಅದೂ ಕೈಗೆಟುಕುವ ದುಡ್ಡಿಗೆ. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಮಾತಿನಲ್ಲಿ ಆ ಹಸಿವನ್ನು ವಿಚಾರಿಸಿಕೊಳ್ಳುವುದು ತಳ್ಳುಗಾಡಿ.

ಒಳ್ಳೆಯ ಗಾಡಿಯವರ ಕೈಚಳಕವನ್ನು ಅರ್ಧ ಗಂಟೆ ನಿಂತು ನೋಡಿದರೆ ಅದೊಂದು ವಿದ್ಯೆಯೆಂದು ತಿಳಿಯುತ್ತದೆ. ಗಂಡ ದುಡ್ಡು ಮುಟ್ಟಿದರೆ ಹೆಂಡತಿ ತಿಂಡಿ ಮುಟ್ಟುತ್ತಾಳೆ. ಇಡ್ಲಿಯ ಪಾತ್ರೆ ಒಲೆಯಿಂದ ಇಳಿಯುವುದೇ ಇಲ್ಲ, ಹಬೆಯಲ್ಲೇ ಕೂತಿರುತ್ತದೆ. ಚಟ್ನಿಯನ್ನು ಒಂದೇ ಸಲ ದೊಡ್ಡ ಪಾತ್ರೆ ತುಂಬ ರುಬ್ಬದೆ ಎರಡು ಮೂರು ಸಲ ಚೂರುಚೂರೇ ರುಬ್ಬಿ ತರಿಸುತ್ತಾರೆ. ಇವರಲ್ಲಿ ಹೆಚ್ಚಿನವರು ಇದನ್ನು ಯಾವ ತರಬೇತಿಯಲ್ಲೂ ಕಲಿತವರಲ್ಲ. ಬಿಸಿ ಆಹಾರ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು, ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಕ್ರಿಮಿಗಳು ಬೆಳೆಯುತ್ತವೆ ಎಂದು ಆಹಾರ ವಿಜ್ಞಾನ ಹೇಳುತ್ತದೆ. "ಬಿಸಿ ಆರಿದ್ದನ್ನು ಕೊಡಬೇಡ" ಎಂಬ ಮನೆಯ ಹಿರಿಯರ ಮಾತಿನಲ್ಲಿ ಇದರ ಅರ್ಧ ಅಡಗಿದೆ.

ಅನ್ನದ ತಿಂಡಿಯಲ್ಲಿ ಇನ್ನೂ ಸೂಕ್ಷ್ಮವಿದೆ. ಬೆಂದ ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅವು ಎಚ್ಚೆತ್ತು ಬೆಳೆದು ವಿಷ ಬಿಡುತ್ತವೆ. ಒಮ್ಮೆ ಹುಟ್ಟಿದ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹುಳಿ ಹೆಚ್ಚಿದ್ದಲ್ಲಿ ಈ ಬೆಳವಣಿಗೆಗೆ ತಡೆ ಬೀಳುತ್ತದೆ. ದೂರದ ಪ್ರಯಾಣಕ್ಕೆ ಪುಳಿಯೋಗರೆಯನ್ನೇ ಕಟ್ಟಿಕೊಡುತ್ತಿದ್ದ ಅಜ್ಜಿಯರಿಗೆ ಕಾರಣದ ಹೆಸರು ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಚಿಂತಾಮಣಿ ಹುಣಸೆಹಣ್ಣಿಗೆ ಹೆಸರಾದ ಮಾರುಕಟ್ಟೆ. ಈ ಸೀಮೆಯ ಅಡುಗೆಗೆ ಹುಳಿ ಬರೀ ರುಚಿಗೆಂದು ಬಂದದ್ದಲ್ಲ.

ಹಾಗೆಂದು ಪಾನಿಪೂರಿಯ ಹುಳಿನೀರನ್ನು ಇದೇ ಲೆಕ್ಕದಲ್ಲಿ ನಂಬಿ ಕೂರುವಂತಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣು ಹುಳಿಗೆ ಜಗ್ಗುವುದಿಲ್ಲ. ಅದು ಬರುವುದು ನೀರಿನಿಂದ, ಕೈಯಿಂದ. ಬರಿಗೈ ಮುಳುಗುವ ಪಾನಿಯ ಮಡಕೆಯಿಂದ ದೂರವಿರಿ ಎಂದು ನಾನು ಬಂಧುಗಳಿಗೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಶಿಡ್ಲಘಟ್ಟದವರಿಗೆ ಕುದಿನೀರಿನ ಮಹತ್ವ ಬಿಡಿಸಿ ಹೇಳಬೇಕಿಲ್ಲ. ನೀರು ಕಾಯದೆ ಗೂಡಿನ ಎಳೆ ಬಿಚ್ಚಿಕೊಳ್ಳದೆಂದು ಚರಕದ ಮುಂದೆ ಕೂತು ನೂಲು ತೆಗೆಯುವ ಪ್ರತಿಯೊಬ್ಬರಿಗೂ ಗೊತ್ತು. ಪಾನಿಗೆ ಬಳಸುವ ನೀರನ್ನೂ ಹಾಗೆಯೇ ಕುದಿಸಿ ಆರಿಸಿಕೊಂಡರೆ, ಕೈ ಹಾಕುವ ಬದಲು ಸೌಟು ಹಿಡಿದರೆ, ಆ ಗಾಡಿಯ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಆದರೆ ಈ ಊರುಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೀರು ಎನ್ನುವುದೇ ಕಷ್ಟದ ಮಾತು. ವರ್ಷಪೂರ್ತಿ ಹರಿಯುವ ನದಿ ಇಲ್ಲಿಲ್ಲ. ಚಿಕ್ಕಬಳ್ಳಾಪುರ ನಗರ ಜಕ್ಕಲಮಡಗು ಜಲಾಶಯದ ನೀರನ್ನು ದೊಡ್ಡಬಳ್ಳಾಪುರದ ಜೊತೆ ಹಂಚಿಕೊಳ್ಳುತ್ತದೆ. ಉಳಿದಂತೆ ಕೊಳವೆಬಾವಿಯೇ ಗತಿ, ಸಾವಿರ ಅಡಿ ದಾಟಿದ ಬಾವಿಗಳು ಇಲ್ಲಿ ವಿಶೇಷವೇನಲ್ಲ. ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಗಾಡಿಯವರು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಸಿ ತರುತ್ತಾರೆ. ಆ ನೀರಿನಲ್ಲಿ ಫ್ಲೋರೈಡ್ ಕಡಿಮೆ, ಆದರೆ ಕ್ರಿಮಿಯನ್ನು ತಡೆಹಿಡಿಯುವ ಕ್ಲೋರಿನ್ ಕೂಡ ಇರುವುದಿಲ್ಲ. ತೊಳೆಯದ ಕ್ಯಾನು, ಅದ್ದಿದ ಲೋಟ, ಇಷ್ಟೇ ಸಾಕು ಅದು ಮತ್ತೆ ಕೆಡಲು. ಹಣ ಕೊಟ್ಟು, ಹೊತ್ತು ತಂದ ನೀರಿನಲ್ಲಿ ಯಾರೂ ಧಾರಾಳವಾಗಿ ತಟ್ಟೆ ತೊಳೆಯುವುದಿಲ್ಲ. ಹೀಗೆ ಒಂದೇ ಬಕೆಟ್ಟು ಸಂಜೆಯವರೆಗೂ ಬರುತ್ತದೆ. ಅದರ ಹಿಂದೆ ಕೊಳಕುತನಕ್ಕಿಂತ ಬಡತನ ಹೆಚ್ಚು ಕಾಣುತ್ತದೆ ನನಗೆ.

ಬಣ್ಣದ ವಿಷಯದಲ್ಲಿ ಮಾತ್ರ ಇಂಥ ರಿಯಾಯಿತಿಗೆ ನನ್ನ ಮನಸ್ಸು ಒಪ್ಪುವುದಿಲ್ಲ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್ ಬಿ ಹಾಕುವುದನ್ನೂ ರಾಜ್ಯದಲ್ಲಿ ನಿಷೇಧಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಎಂಬ ಬಣ್ಣಗಳು ಸಿಕ್ಕವು, ಕಬಾಬಿಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಿತ್ತು. ಇವುಗಳ ನಡುವೆ ವ್ಯತ್ಯಾಸ ತಿಳಿದಿರಬೇಕು. ರೋಡಮೈನ್ ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅದು ಸಲ್ಲದು. ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್‌ಗಳಿಗೆ ಕೆಲವು ಸಿಹಿತಿಂಡಿಗಳಲ್ಲಿ ಮಿತವಾಗಿ ಅವಕಾಶವಿದೆ, ಕಬಾಬಿಗೂ ಗೋಬಿಗೂ ಇಲ್ಲ. ಕೆಂಪಾಗಿ ಕಾಣದಿದ್ದರೆ ಗಿರಾಕಿ ಮುಂದಿನ ಗಾಡಿಗೆ ಹೋಗುತ್ತಾನೆ ಎನ್ನುವುದು ವ್ಯಾಪಾರಿಗಳ ಅಳಲು. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣದ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಪುಡಿಬಣ್ಣದ ಪೊಟ್ಟಣ ಗಾಡಿಯ ಮೇಲೇಕೆ ಬರಬೇಕು? ಇದರಲ್ಲಿ ತಿನ್ನುವ ನಮ್ಮದೂ ತಪ್ಪಿದೆ. ಮಾಸಲು ಬಣ್ಣದ ಗೋಬಿಯನ್ನು ಕೇಳಿ ತಿನ್ನುವ ಗಿರಾಕಿಗಳು ಹೆಚ್ಚಿದ ದಿನ ಬಣ್ಣದ ಡಬ್ಬ ತಾನೇ ಮಾಯವಾಗುತ್ತದೆ.

2025ರ ಫೆಬ್ರವರಿಯಲ್ಲಿ ಇಡ್ಲಿಯ ಮೇಲೂ ಅನುಮಾನ ಬಂತು. ರಾಜ್ಯದಲ್ಲಿ ಪರಿಶೀಲಿಸಿದ ಸುಮಾರು 250 ಕಡೆಗಳ ಪೈಕಿ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ಹತ್ತಿಬಟ್ಟೆಯನ್ನು ದಿನವೂ ಒಗೆಯಬೇಕು, ಹಾಳೆಯನ್ನು ಎಸೆದರಾಯಿತು. ಇಲ್ಲೂ ಎದುರಾಗುವುದು ಮತ್ತದೇ ನೀರಿನ ಪ್ರಶ್ನೆ.

ಕಾನೂನಿಗೆ ಕೊರತೆಯಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ, ಸಣ್ಣ ಗಾಡಿಗೂ ಅದು ಅನ್ವಯಿಸುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆಗೂ ಮಿತಿಯಿದೆ, ಅದರಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಬಳಸುವಂತಿಲ್ಲ. ಅಳೆಯುವ ಉಪಕರಣ ಗಾಡಿಯವರಲ್ಲಿ ಇರುವುದಿಲ್ಲ, ಆದರೆ ಎಣ್ಣೆ ಕಪ್ಪಾಗಿ, ಜಿಗುಟಾಗಿ, ನೊರೆಯೆದ್ದು, ಬೇಗ ಹೊಗೆಯಾಡಿದರೆ ಅದರ ಆಯಸ್ಸು ಮುಗಿಯಿತೆಂದು ಯಾರು ಬೇಕಾದರೂ ಹೇಳಬಹುದು.

ಇನ್ನೊಂದು ಕಾನೂನು ಇದೆ, ಅದರ ಮಾತು ಕಡಿಮೆ ಕೇಳಿಬರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಈ ಜನರ ಜೀವನೋಪಾಯವನ್ನು ಕಾಪಾಡಬೇಕೆನ್ನುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ವ್ಯಾಪಾರಕ್ಕೆ ವಲಯ ಗುರುತಿಸಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಮಹಿಳೆಯರ ಮಾತು ಇಲ್ಲಿ ಮುಖ್ಯ. ಹತ್ತಿರದಲ್ಲಿ ಶೌಚಾಲಯವಿಲ್ಲವೆಂದು ದಿನವಿಡೀ ನೀರು ಕುಡಿಯದೆ ಒಲೆಯ ಮುಂದೆ ನಿಲ್ಲುವ ತಾಯಂದಿರನ್ನು ಕಂಡಿದ್ದೇನೆ. ಅವರಿಗೆ ಕೈ ತೊಳೆಯುವ ಪಾಠ ಹೇಳುವ ಮುನ್ನ ಕೈ ತೊಳೆಯಲೊಂದು ಜಾಗ ತೋರಿಸಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ನಗರಸಭೆಯಿರುವ ಊರುಗಳು. ದಂಡದ ರಸೀತಿ ಪುಸ್ತಕದ ಜೊತೆಗೆ ಈ ನಗರಸಭೆಗಳು ಗಾಡಿಗಳು ನಿಲ್ಲುವ ಕಡೆ ಒಂದು ನಲ್ಲಿ, ಕೊಳೆನೀರು ಹರಿದುಹೋಗಲು ಒಂದು ಚರಂಡಿ, ಬಾಗಿಲು ಭದ್ರವಿರುವ ಒಂದು ಶೌಚಾಲಯ ಕೊಡಲಿ. ಮುಂದಿನ ಬೇಸಿಗೆ ಬರುವುದರೊಳಗೆ ಕೊಡಲಿ. ಗಾಡಿಯ ಮುಂದೆ ನಿಲ್ಲುವ ನಾವು ಬಜ್ಜಿಯನ್ನು ಬಿಸಿಯಾಗಿಯೇ ಕೇಳಿ ಪಡೆಯೋಣ, ಚಟ್ನಿ ಎಷ್ಟು ಹೊತ್ತಿನದೆಂದು ವಿಚಾರಿಸೋಣ, ಶುಚಿಯಾಗಿಟ್ಟವರಿಗೆ ಎರಡು ರೂಪಾಯಿ ಹೆಚ್ಚಾದರೂ ಕೊಡೋಣ.